ನಮ್ಮ ಮನೆಯಲ್ಲಿ ಸೋಪಿದೆ

ಮನೆ ಮಾರಲು ಹೊರಟವರು ಮೊದಲು ಏಲಕ್ಕಿ ಬನ್ನು ಬೇಯಿಸಬೇಕೆಂದು ಗುನಿಲ್ಲಾಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಮೋಲಾಂಡ್ ಸೀಮೆಯ ಹೆಂಗಸರಿಗೆ ಅದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ. ಆ ಬೆಳಿಗ್ಗೆ ಬೇಗ ಎದ್ದು ಹಿಟ್ಟು ನಾದಿದಳು, ಕಿಟಕಿಗಳನ್ನೆಲ್ಲ ತೆರೆದು ಸೆಪ್ಟೆಂಬರಿನ ಗಾಳಿಯನ್ನು ಕೋಣೆ ಕೋಣೆಗೂ ಬಿಟ್ಟಳು, ಬಚ್ಚಲಿನ ನಲ್ಲಿಗಳನ್ನು ಮುಖ ಕಾಣುವಂತೆ ಉಜ್ಜಿದಳು. ಮಾರಾಟಕ್ಕೆ ಮುಂಚೆ ಮನೆಯ ಪರೀಕ್ಷೆಗೆ ಬರುವವನು ಎಂಥ ಬಿಗುಮಾನದವನೇ ಆಗಿರಲಿ, ಬನ್ನಿನ ವಾಸನೆಗೆ ಬಾಗಿಲಲ್ಲೇ ಅರ್ಧ ಕರಗುತ್ತಾನೆ ಎಂಬುದು ಅವಳ ಲೆಕ್ಕಾಚಾರ.

"ಅವನು ಬರೋದು ಮನೆ ನೋಡೋಕೆ, ತಿನ್ನೋಕಲ್ಲ," ಎಂದ ಗಂಡ ಸ್ತೂರೆ, ಬಿಸಿ ಬನ್ನೊಂದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸುತ್ತ.

"ಹಾಗಾದ್ರೆ ನೀನ್ಯಾಕೆ ತಿಂತಿದೀಯ?"

"ನಾನು ಪರೀಕ್ಷೆ ಮಾಡ್ತಿದೀನಿ."

ಸ್ತೂರೆ ಇಡೀ ಆಯುಷ್ಯ ಮರದ ದಿಮ್ಮಿಯ ಲಾರಿ ಓಡಿಸಿದವನು. ಈ ಮನೆಯನ್ನು ಕಟ್ಟಿದ್ದು ಅವನ ಅಪ್ಪ. ಆಗಿನ್ನೂ ಮೀಸೆ ಮೂಡದ ಸ್ತೂರೆ ಹಲಗೆ ಹೊತ್ತಿದ್ದ. ಗೋಡೆಯ ಬುಡಕ್ಕೂ ನೆಲದ ಅಡಿಗೂ ಹಾಕಿದ ತೊಲೆಗಳೆಲ್ಲ ಮದ್ದು ಕುಡಿಸಿದ ಮರ, ಅದನ್ನು ಹೊತ್ತು ತನ್ನ ಅಂಗೈ ವಾರಗಟ್ಟಲೆ ಹಸಿರಾಗಿತ್ತು, ಆ ಮರ ಪ್ರಳಯ ಬಂದರೂ ಕೊಳೆಯುವುದಿಲ್ಲ ಎಂದು ಅವನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಕೇಳಿದವರಿಗೇ ಮತ್ತೆ ಹೇಳುವುದೂ ಇತ್ತು.

ಮಾರುವ ಹಟ ಗುನಿಲ್ಲಾಳದು. ವೇಕ್ಷೋ ಪಟ್ಟಣದಲ್ಲಿ, ಕೆರೆಯ ಪಕ್ಕದ ಬೀದಿಯಲ್ಲಿ, ಒಂದು ಸಣ್ಣ ಫ್ಲಾಟು ನೋಡಿಟ್ಟಿದ್ದಳು. ಕೆರೆಗೂ ಅವಳಿಗೂ ಯಾವ ನಂಟೂ ಇರಲಿಲ್ಲ. ಮಗಳು ದೀಸಾ ಇದ್ದದ್ದು ಅದರ ಮಗ್ಗುಲ ಬೀದಿಯಲ್ಲಿ. ಈಸ್ಟರಿನ ಜಗಳದ ನಂತರ ದೀಸಾ ಫೋನು ಮಾಡಿರಲಿಲ್ಲ, ಇವಳೂ ಮಾಡಿರಲಿಲ್ಲ. ಮಗಳು ಮನೆಗೆ ಬರದಿದ್ದರೆ ನಾನೇ ಹೋಗಿ ಅವಳ ಬೀದಿಯಲ್ಲಿ ಕೂರುತ್ತೇನೆ, ದಿನಾ ರೊಟ್ಟಿ ಅಂಗಡಿಯಲ್ಲಿ ಎದುರಾಗುತ್ತೇನೆ, ಎಷ್ಟು ದಿನ ಮುಖ ತಿರುಗಿಸುತ್ತಾಳೋ ನೋಡೋಣ ಎಂಬುದು ಅವಳ ಯೋಚನೆ. ಮಗಳ ಜೊತೆ ಮಾತಾಡುವ ಸುಲಭದ ದಾರಿ ಬಿಟ್ಟು ಮನೆ ಮಾರುವ ದಾರಿ ಹಿಡಿದ ಹೆಂಗಸು ಅವಳು.

ಪರೀಕ್ಷಕನ ಹೆಸರು ಯೋರಾನ್. ತೆಳ್ಳಗಿನ ಆಳು, ಮೂಗು ಮಾತ್ರ ಇಬ್ಬರಿಗಾಗುವಷ್ಟು. ಬಾಗಿಲು ತೆರೆದ ಕೂಡಲೇ ಅವನು ಕರಗಲಿಲ್ಲ. ಹೊಸ್ತಿಲಲ್ಲೇ ನಿಂತ, ಬಾಯಿ ಮುಚ್ಚಿ ಒಂದು ಉದ್ದನೆಯ ಉಸಿರು ಎಳೆದ, ಮುಖ ಸಪ್ಪಗಾಯಿತು.

"ಬನ್ನು ಮಾಡಿದೀರಿ."

"ಬಿಸಿ ಇದೆ, ಕಾಫಿನೂ ಇದೆ," ಎಂದಳು ಗುನಿಲ್ಲಾ.

"ಕಿಟಕಿನೂ ತೆಗೆದಿದೀರಿ." ಅವನ ದನಿಯಲ್ಲಿ ಕೋಪಕ್ಕಿಂತ ಸುಸ್ತೇ ಹೆಚ್ಚಿತ್ತು. "ಮನೆ ಹೇಗಿದೆಯೋ ಹಾಗೇ ಇರಲಿ ಅಂತ ಫೋನಲ್ಲಿ ಹೇಳಿದ್ದೆ. ಎಲ್ಲರೂ ಹ್ಞೂಂ ಅಂತಾರೆ, ಎಲ್ಲರೂ ಬನ್ನು ಮಾಡ್ತಾರೆ. ನೋಡಿ ಅಮ್ಮ, ಹೊಸ ಮನೇಲಿ ಮೊದಲ ಉಸಿರೇ ನನ್ನ ಅರ್ಧ ಕೆಲಸ. ಸ್ವಲ್ಪ ಹೊತ್ತಾದ್ರೆ ಮೂಗು ಮನೆಯವರ ಪಕ್ಷ ಸೇರ್ಕೊಂಡುಬಿಡುತ್ತೆ."

"ಮೂಗಿನಲ್ಲಿ ನೋಡೋದಾದ್ರೆ ಆ ಪೆಟ್ಟಿಗೆಯಲ್ಲಿರೋ ಯಂತ್ರಗಳೆಲ್ಲ ಯಾಕೆ?" ಎಂದ ಸ್ತೂರೆ.

"ಮೂಗು ಹೇಳಿದ್ದನ್ನ ಜನ ನಂಬಲ್ಲ. ಯಂತ್ರ ಹೇಳಿದ್ರೆ ನಂಬ್ತಾರೆ."

ಕಿಟಕಿಗಳನ್ನು ಮುಚ್ಚಿಸಿ, ಬನ್ನಿನ ತಟ್ಟೆಯನ್ನು ಕಾರಿನ ಶೆಡ್ಡಿಗೆ ಸಾಗಿಸಿ, ಅಲ್ಲಿಯವರೆಗೆ ಹೊರಗಿನದನ್ನು ನೋಡುತ್ತೇನೆಂದು ಅವನು ಏಣಿ ಹಿಡಿದು ಹೊರಟ. ಸ್ತೂರೆ ಹಿಂದೆಯೇ ಹೋದ. ಅಂಗಳಕ್ಕೆ ಬಂದು ಗುನಿಲ್ಲಾ ನೋಡುತ್ತಿದ್ದಳು: ಯೋರಾನ್ ಹೆಂಚುಗಳ ನಡುವೆ ಕೈಯಾಡಿಸಿದ, ಹೊಗೆಗೂಡಿನ ಸುತ್ತಲಿನ ತಗಡನ್ನು ಎಬ್ಬಿಸಿ ನೋಡಿದ, ಮಳೆನೀರಿನ ದೋಣಿಯಿಂದ ಒಂದು ಹಿಡಿ ಎಲೆ ಎತ್ತಿ ಎಸೆದ. ಕೆಳಗಿಳಿದು ಮಣ್ಣು ಗೋಡೆಯಿಂದ ಆಚೆಗೆ ಇಳಿಜಾರಾಗಿದೆಯೋ ಇಲ್ಲವೋ ಎಂದು ಮಂಡಿಯೂರಿ ನೋಡಿದ. ಒಳಗೆ ಬಂದು ಬಚ್ಚಲಿನ ಹಾಸುಗಲ್ಲುಗಳನ್ನು ಬೆರಳ ಗಣ್ಣಿನಿಂದ ಒಂದೊಂದಾಗಿ ತಟ್ಟಿ ಕಿವಿಗೊಟ್ಟ, ನೀರು ಹೋಗುವ ತೂತಿನ ಮುಚ್ಚಳ ತೆಗೆದು ಬೆರಳು ಹಾಕಿದ. ಅಟ್ಟಕ್ಕೆ ಹತ್ತಿ ಟಾರ್ಚು ಬಿಟ್ಟು ಮೊಳೆಗಳಿಗೆ ತುಕ್ಕು ಹಿಡಿದಿದೆಯೇ ಎಂದು ಹುಡುಕಿದ. ಏನೂ ಸಿಗಲಿಲ್ಲ.

"ಚೆನ್ನಾಗಿ ಕಟ್ಟಿದಾರೆ," ಎಂದ ಅಟ್ಟದಿಂದ ಇಳಿಯುತ್ತ.

ಸ್ತೂರೆ ಬೀಗಿದ. "ಅಪ್ಪ ಕಟ್ಟಿದ್ದು. ಮರ ನಾನು ಹೊತ್ತಿದ್ದು. ಮದ್ದು ಕುಡಿಸಿದ ಮರ. ಕೈ ಹಸಿರಾಗಿತ್ತು ನನಗೆ."

ಯೋರಾನ್ ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟ. "ನೆಲದ ಅಡಿಗೂ ಅದೇನಾ?"

"ಅಡಿಗೂ ಅದೇ. ಕಾಂಕ್ರೀಟಿನ ಮೇಲೆ ತೊಲೆ, ತೊಲೆ ಮೇಲೆ ಹಲಗೆ. ಪ್ರಳಯ ಬಂದ್ರೂ ಅಲ್ಲಾಡಲ್ಲ."

ಅದರ ನಂತರ ಅವನು ಗೋಡೆಗಳನ್ನು ಬಿಟ್ಟು ಬೀರುಗಳಿಗೆ ಕೈ ಹಾಕಿದ. ಮಲಗುವ ಕೋಣೆಯ ಬಟ್ಟೆ ಬೀರು ತೆರೆದು ಗುನಿಲ್ಲಾಳ ಕೋಟುಗಳ ನಡುವೆ ತಲೆ ತೂರಿಸಿದ. ನಲವತ್ತು ವರ್ಷ ಸಂಸಾರ ಮಾಡಿದ ಗಂಡನೂ ತಲೆ ಹಾಕದ ಜಾಗ ಅದು, ಅವಳಿಗೆ ಕಸಿವಿಸಿಯಾಯಿತು. ಆಮೇಲೆ ಅವನು ದೀಸಾಳ ಹಳೆಯ ಕೋಣೆಗೆ ಹೋದ. ಅಲ್ಲಿನ ಗೋಡೆಬೀರು ಎಷ್ಟೋ ದಿನದಿಂದ ಮುಚ್ಚಿಯೇ ಇತ್ತು. ಅದರ ಬಾಗಿಲನ್ನು ಒಂದು ಗೇಣು ತೆರೆದು, ಮೂಗಿಟ್ಟು, ಮತ್ತೆ ಮುಚ್ಚಿದ. ಹಾಸಿಗೆಯ ಅಂಚಿನಲ್ಲಿ ಕುಳಿತುಕೊಂಡ.

"ಮನೆಗೆ ಬಂದವರು ಏನಾದ್ರೂ ಅಂತಾರಾ? ವಾಸನೆ ಬಗ್ಗೆ?"

"ಯಾರೂ ಅಂದಿಲ್ಲ," ಎಂದಳು ಗುನಿಲ್ಲಾ ಚುರುಕಾಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುವವಳು ಅವಳು. ಇಡೀ ಜಿಲ್ಲೆಯ ಹಾಸಿಗೆ ಹೊದಿಕೆಗಳು ಅವಳ ಕೈದಾಟಿ ಬೆಳ್ಳಗಾಗುತ್ತಿದ್ದವು. ಅವಳ ಮನೆಯಲ್ಲಿ ವಾಸನೆಯ ಮಾತು ಎತ್ತುವುದೆಂದರೆ ಪಾದ್ರಿಯ ಮನೆಯಲ್ಲಿ ಕಳ್ಳಮಾಲು ಹುಡುಕಿದಂತೆ.

"ಅಂತಾರಲ್ಲ ಮಾರಾಯ್ತಿ," ಎಂದ ಸ್ತೂರೆ ನಗುತ್ತ. "ಎಲ್ಲರೂ ಒಳಗೆ ಕಾಲಿಟ್ಟ ತಕ್ಷಣ ಆಹಾ, ಅಜ್ಜಿಯ ಬೇಸಿಗೆ ಮನೆ ನೆನಪಾಗುತ್ತೆ ಅಂತಾರೆ. ನನ್ನ ತಮ್ಮ ಬಂದಾಗಲೆಲ್ಲ ಅನ್ನೋದೇ ಅದು. ಒಳ್ಳೇ ಮಾತು ತಾನೇ ಅದು?"

ಯೋರಾನ್ ನಗಲಿಲ್ಲ. "ಅದೇ ವಾಸನೆ. ನಮ್ಮ ಜನಕ್ಕೆ ಅದು ರಜೆಯ ವಾಸನೆ. ನನಗೂ ಅಷ್ಟೇ. ಸಣ್ಣವನಿದ್ದಾಗ ರಜೆಗೆ ಹೋಗಿ ಬೇಸಿಗೆ ಮನೆ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೀತಿತ್ತು, ಸ್ಕೂಲು ಮುಗೀತು ಅಂತ ಕುಣೀತಿದ್ವಿ. ಅದಕ್ಕೇ ಯಾರೂ ಅದನ್ನ ರೋಗ ಅನ್ನಲ್ಲ. ಆದರೆ ಅದು ರೋಗಾನೇ."

"ಕೊಳೆತಿದೆ ಅಂತೀರಾ?" ಸ್ತೂರೆಯ ನಗು ನಿಂತಿತು. "ಕೊರೀರಿ. ಎಲ್ಲಿ ಬೇಕಾದ್ರೂ ಕೊರೀರಿ. ಕೊಳೆತ ಒಂದು ಚೂರು ಸಿಕ್ಕಿದ್ರೆ ಈ ಮನೇನ ನಿಮಗೆ ಬಿಟ್ಟಿ ಕೊಡ್ತೀನಿ."

ಯೋರಾನ್ ಆ ಪಂಥಕ್ಕೆ ಕಿವಿಗೊಡದೆ, ಒಪ್ಪಿಗೆಯನ್ನು ಮಾತ್ರ ತೆಗೆದುಕೊಂಡು, ಬೀರಿನೊಳಗಿನ ನೆಲದ ಹಲಗೆಗೆ ತೂತು ಕೊರೆದ. ಬೈರಿಗೆಯ ಸುರುಳಿಯಲ್ಲಿ ಅಡಿಯ ತೊಲೆಯ ಪುಡಿ ಮೇಲೆ ಬಂತು. ಅದನ್ನು ಸ್ತೂರೆಯ ಅಂಗೈಗೆ ಸುರಿದ. ಗಟ್ಟಿ ಮರದ ಪುಡಿ, ಹೊಸದರಂತೆ ಗರಿಗರಿ, ಇನ್ನೂ ತುಸು ಹಸಿರು.

"ನೋಡಿದ್ರಾ," ಎಂದ ಸ್ತೂರೆ.

"ನೋಡಿದೆ. ಮರಕ್ಕೆ ಏನೂ ಆಗಿಲ್ಲ. ಆಗಿದ್ರೆ ಚೆನ್ನಾಗಿತ್ತು." ಯೋರಾನ್ ನಿಧಾನವಾಗಿ ಬಿಡಿಸಿ ಹೇಳಿದ. "ನೆಲದ ತೇವ ಕಾಂಕ್ರೀಟಿನಿಂದ ಮೇಲೆ ಬರುತ್ತೆ. ಮದ್ದು ಹಾಕಿದ ಮರದ ಮೇಲೆ ಸಣ್ಣಗೆ ಬೂಷ್ಟು ಕೂರುತ್ತೆ. ಮರವನ್ನ ತಿನ್ನೋಕಾಗಲ್ಲ, ಮದ್ದನ್ನ ತಿನ್ನುತ್ತೆ. ತಿಂದು ಈ ವಾಸನೆ ಬಿಡುತ್ತೆ. ಬರೀ ಮರ ಹಾಕಿದ್ರೆ ಎಂದೋ ಕೊಳೆತು ನೆಲ ಕುಸೀತಿತ್ತು, ನೀವು ಕಿತ್ತು ಬೇರೆ ಹಾಕ್ತಿದ್ರಿ. ಇದು ಕೊಳೆಯಲ್ಲ, ಅದಕ್ಕೇ ಹೀಗೇ ಉಳಿದುಬಿಡ್ತು."

ಸ್ತೂರೆ ಅಂಗೈಯನ್ನು ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ. "ನನಗೇನೂ ಬರ್ತಿಲ್ಲ."

"ನಿಮಗೆ ಬರಲ್ಲ. ಇದರಲ್ಲೇ ಬೆಳೆದವರು ನೀವು. ಇಲ್ಲಿರೋರು ಯಾರಿಗೂ ಬರಲ್ಲ." ಅವನು ಗುನಿಲ್ಲಾಳ ಕಡೆ ತಿರುಗಿದ. "ಬಟ್ಟೆಗೆ ಅಂಟುತ್ತೆ. ಉಣ್ಣೆಗೆ ಜಾಸ್ತಿ, ಕೂದಲಿಗೂ. ಎಷ್ಟು ಒಗೆದ್ರೂ ಇದೇ ಬೀರಿನಲ್ಲಿ ಒಂದು ರಾತ್ರಿ ಇಟ್ರೆ ಮತ್ತೆ ಬಂತು. ದೊಡ್ಡವರು ಏನೂ ಅನ್ನಲ್ಲ, ಅಜ್ಜಿ ಮನೆ ಅಂದು ಸುಮ್ಮನಾಗ್ತಾರೆ. ಸ್ಕೂಲು ಮಕ್ಕಳು ಸುಮ್ಮನಾಗಲ್ಲ. ಈ ಥರದ ಮನೇಲಿ ಮಗು ಬೆಳೆದಿದ್ರೆ ನಾನು ಕೇಳೇ ಕೇಳ್ತೀನಿ. ಇದು ಯಾರ ಕೋಣೆ?"

ಗುನಿಲ್ಲಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಕಾಫಿ ಹಾಕ್ತೀನಿ," ಎಂದು ಅಲ್ಲಿಂದ ಹೊರಟವಳು ಅಡುಗೆಮನೆಗೆ ಹೋಗಲಿಲ್ಲ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಮಗಳ ಶಾಲೆಯ ದಿನಗಳು ನೆನಪಾದವು. ದೀಸಾಗೆ ಆಗ ಹನ್ನೆರಡು ವರ್ಷ. ಬಸ್ಸಿನಲ್ಲಿ ಪಕ್ಕದಲ್ಲಿ ಯಾರೂ ಕೂರುವುದಿಲ್ಲ ಎಂದು ಬಂದು ಹೇಳಿದಳು. ತರಗತಿಯಲ್ಲಿ ತನಗೆ 'ನೆಲಮಾಳಿಗೆ' ಎಂದು ಹೆಸರಿಟ್ಟಿದ್ದಾರೆ ಎಂದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಲೆಗೆ ಸ್ನಾನ ಮಾಡತೊಡಗಿದಳು. ಬಿಸಿನೀರು ಯಾರಪ್ಪನದು ಎಂದು ಗುನಿಲ್ಲಾ ಬಾಗಿಲು ಬಡಿಯುತ್ತಿದ್ದಳು. ಬಸ್ಸಿಗೆ ಹೊರಡುವ ಮುಂಚೆ ಹುಡುಗಿ ಹೊಸ್ತಿಲಲ್ಲಿ ನಿಂತು ಸ್ವೆಟರಿನ ತೋಳನ್ನು ಮೂಸಿ ನೋಡಿಕೊಳ್ಳುತ್ತಿದ್ದಳು. "ನಾಯಿ ಹಾಗೆ ಮೂಸ್ಕೋಬೇಡ, ಅಸಹ್ಯ," ಎನ್ನುತ್ತಿದ್ದಳು ಗುನಿಲ್ಲಾ. ತಾನೂ ಒಮ್ಮೆ ಆ ತೋಳು ಮೂಸಿ ನೋಡಿದ್ದಳು. ಒಗೆದ ಬಟ್ಟೆಯ ವಾಸನೆ, ಬೇರೇನೂ ಇಲ್ಲ. ಮಗಳು ಇಲ್ಲದ್ದನ್ನು ಹುಟ್ಟಿಸಿಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿದಳು. ತರಗತಿಯ ಮಾಸ್ತರಿಗೂ ಹಾಗೇ ಹೇಳಿದಳು.

ಆಮೇಲೆ ಶಾಲೆಯ ನರ್ಸು ದೀಸಾಳನ್ನು ಒಬ್ಬಳನ್ನೇ ಕರೆದು, ಕಂದು ಕಾಗದದ ಪೊಟ್ಟಣದಲ್ಲಿ ಒಂದು ಸೋಪು ಕೊಟ್ಟು ಕಳಿಸಿದಳು. ಆ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬೇಕು. ಗುನಿಲ್ಲಾಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಇಡೀ ಜಿಲ್ಲೆಯ ಕೊಳೆ ತೊಳೆಯುವವಳ ಮಗಳಿಗೆ ಸೋಪಿನ ದಾನ! ಮರುದಿನ ಕೆಲಸಕ್ಕೆ ತಡವಾದರೂ ಚಿಂತೆಯಿಲ್ಲವೆಂದು ಮಗಳನ್ನು ಕೈ ಹಿಡಿದು ಶಾಲೆಗೆ ಎಳೆದುಕೊಂಡು ಹೋದಳು. ನರ್ಸಿನ ಕೋಣೆ ಮಕ್ಕಳು ಕೋಟು ನೇತುಹಾಕುವ ಪಡಸಾಲೆಯ ತುದಿಯಲ್ಲಿತ್ತು. ಆಗಷ್ಟೇ ಬಸ್ಸುಗಳು ಬಂದಿದ್ದವು, ಪಡಸಾಲೆ ತುಂಬಿತ್ತು. "ವಾಪಸು ಕೊಡು," ಎಂದಳು ಮಗಳಿಗೆ. "ಕೊಟ್ಟು ಏನು ಹೇಳಬೇಕು ಅಂತ ಕಲಿಸಿದೆನೋ ಅದನ್ನ ಹೇಳು. ಜೋರಾಗಿ."

ದೀಸಾ ಪೊಟ್ಟಣ ಚಾಚಿದಳು. "ನಮ್ಮ ಮನೆಯಲ್ಲಿ ಸೋಪಿದೆ," ಎಂದಳು. ಜೋರಾಗಿಯೇ ಹೇಳಿದಳು, ಹೇಳಿದ ಮಾತು ಕೇಳುವ ಮಗು ಅದು.

ಮಗಳ ಮರ್ಯಾದೆ ಉಳಿಸಿದೆ ಎಂದು ಗುನಿಲ್ಲಾ ತಲೆಯೆತ್ತಿ ಹೊರಗೆ ನಡೆದಿದ್ದಳು. ಈ ಇಪ್ಪತ್ತೆರಡು ವರ್ಷವೂ ಹಾಗೆಂದೇ ತಿಳಿದಿದ್ದಳು.

ಈಗ ಬಚ್ಚಲಿನಲ್ಲಿ, ತಾನೇ ಉಜ್ಜಿ ಹೊಳೆಸಿದ ನಲ್ಲಿಯ ಎದುರು ನಿಂತವಳಿಗೆ ಉಳಿದದ್ದೆಲ್ಲ ಒಂದೊಂದಾಗಿ ತಲೆಗೆ ಬಂತು. ದೀಸಾ ಬಂದಾಗಲೆಲ್ಲ ಚಳಿಯಲ್ಲೂ ಜಗುಲಿಯಲ್ಲೇ ಕೂರುತ್ತಿದ್ದದ್ದು. ಕೋಟನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದದ್ದು. ಕ್ರಿಸ್‌ಮಸ್ಸು ಪ್ರತಿ ವರ್ಷವೂ ಅವಳ ಮನೆಯಲ್ಲೇ ಆಗುತ್ತಿದ್ದದ್ದು, ಮೊಮ್ಮಗಳು ತುವಾಳನ್ನು ಒಂದು ರಾತ್ರಿಯೂ ಇಲ್ಲಿ ಮಲಗಲು ಬಿಡದೆ ಇದ್ದದ್ದು. ಪಟ್ಟಣದವಳಾದಳು, ನಮ್ಮನ್ನು ಕಂಡರೆ ಮೂಗು ಮುರಿಯುತ್ತಾಳೆ ಎಂದು ಗುನಿಲ್ಲಾ ಬಟ್ಟೆ ಒಗೆಯುವ ಗೆಳತಿಯರೆದುರು ಎಷ್ಟು ಸಲ ಆಡಿಕೊಂಡಿದ್ದಳು. ಈಸ್ಟರಿಗೆ ಹೋದಾಗ, ತಾನು ತುವಾಗೆ ಹೆಣೆದುಕೊಟ್ಟ ಸ್ವೆಟರು, ಟೋಪಿ, ಕೈಗವಸು ಬಾಲ್ಕನಿಯ ಹಗ್ಗದ ಮೇಲೆ ಹಿಮದಲ್ಲಿ ಸೆಟೆದುಕೊಂಡು ನೇತಾಡುತ್ತಿದ್ದದ್ದು ಕಣ್ಣಿಗೆ ಬಿದ್ದಿತ್ತು.

"ಸ್ವಲ್ಪ ಗಾಳಿಗೆ ಹಾಕಿದೀನಿ ಅಮ್ಮ," ಎಂದಿದ್ದಳು ದೀಸಾ.

"ಒಗೆದು ಕೊಟ್ಟಿದ್ದಕ್ಕೆ ಗಾಳಿ ಯಾಕೆ? ನನ್ನ ಕೈ ಕೆಲಸ ನಿನ್ನ ಮಗಳ ಮೈಗೆ ಚುಚ್ಚುತ್ತಾ? ಇಷ್ಟವಿಲ್ಲ ಅಂದ್ರೆ ಬಾಯಿಬಿಟ್ಟು ಹೇಳು, ಹೀಗೆ ಒಣಮೀನಿನ ಹಾಗೆ ನೇತುಹಾಕಬೇಡ."

ದೀಸಾ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಹನ್ನೆರಡನೆಯ ವಯಸ್ಸಿನಲ್ಲೇ ಗೊತ್ತಾಗಿತ್ತಲ್ಲ.

ಗುನಿಲ್ಲಾ ಹೊರಗೆ ಬಂದಾಗ ಗಂಡಸರಿಬ್ಬರೂ ಅಡುಗೆಮನೆಯಲ್ಲಿದ್ದರು. ನೆಲ ಪೂರ್ತಿ ಕೀಳಬೇಕು, ಅಡಿಯ ಮರವನ್ನೆಲ್ಲ ಹೊರಗೆ ಹಾಕಬೇಕು, ಇದನ್ನು ವರದಿಯಲ್ಲಿ ಬರೆಯದೆ ನನಗೆ ಬೇರೆ ದಾರಿಯಿಲ್ಲ, ಬೆಲೆ ಬೀಳುತ್ತದೆ ಎಂದು ಯೋರಾನ್ ಹೇಳುತ್ತಿದ್ದ. ಸ್ತೂರೆ ಅಂಗೈ ಮುಚ್ಚಿಕೊಂಡೇ ಕುಳಿತಿದ್ದ, ಪುಡಿ ಇನ್ನೂ ಅದರಲ್ಲೇ ಇತ್ತು.

"ಇಲ್ಲಿರೋರಿಗೆ ಗೊತ್ತಾಗಲ್ಲ ಅಂದ್ರಲ್ಲ," ಎಂದಳು ಗುನಿಲ್ಲಾ. "ಗೊತ್ತು ಮಾಡ್ಕೊಳ್ಳೋ ದಾರಿ ಇದೆಯಾ?"

ಯೋರಾನ್ ಅವಳ ಮುಖ ನೋಡಿ, ಮೆಲುದನಿಯಲ್ಲಿ ಹೇಳಿದ. "ಬೀರಿನಲ್ಲಿದ್ದ ಉಣ್ಣೆಯದೊಂದು ತಗೊಳ್ಳಿ. ತೊಳೆದ ಗಾಜಿನ ಸೀಸೆಗೆ ಹಾಕಿ ಮುಚ್ಚಳ ಬಿಗೀರಿ. ಈ ಮನೆ ಬಿಟ್ಟು ಎಲ್ಲಾದ್ರೂ ಒಂದೆರಡು ರಾತ್ರಿ ಇರಿ, ಮೈಮೇಲೆ ಇಲ್ಲಿನ ಬಟ್ಟೆ ಇರಬಾರದು. ಆಮೇಲೆ ತೆಗೆದು ಮೂಸಿ. ಆದರೆ ಒಂದು ಮಾತು ಅಮ್ಮ, ಎಲ್ಲರೂ ಅದನ್ನ ಮಾಡಬೇಕು ಅಂತೇನಿಲ್ಲ. ಕೆಲವರು ನನ್ನ ಮಾತು ನಂಬಿ ಸುಮ್ಮನಾಗ್ತಾರೆ. ಅದೂ ಒಳ್ಳೇದೇ."

"ನಾನು ಇನ್ನೊಬ್ಬರ ಮಾತು ನಂಬೋಳಲ್ಲ," ಎಂದಳು ಗುನಿಲ್ಲಾ. "ಅದೇ ನನ್ನ ರೋಗ."

ಅವನು ಶೆಡ್ಡಿನಿಂದ ಎರಡು ಬನ್ನು ತೆಗೆದುಕೊಂಡು ಹೋದ. ಕಾರು ತಿರುವು ದಾಟಿದ ಮೇಲೆ ಸ್ತೂರೆ, "ಅವನಿಗೇನು ಗೊತ್ತು, ಮೂಗೇಶ," ಎಂದ. ಅದರಲ್ಲಿ ಜೋರಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ದೀಸಾ ಹೇಳ್ತಿದ್ಲು, ಅಲ್ವಾ?" ಎಂದ.

"ಹೇಳ್ತಿದ್ಲು."

"ನಾನು ನಕ್ಕೆ. ಪ್ರಳಯ ಬಂದ್ರೂ ಅಂತ ಅವಳಿಗೂ ಅದೇ ಕಥೆ ಹೇಳಿದೆ." ಅವನು ಎದ್ದು ಕಸದ ಬುಟ್ಟಿಯ ಮೇಲೆ ಅಂಗೈ ಕೊಡವಿದ. "ಮಾರೋದು ಆಮೇಲೆ. ಈ ನೆಲವನ್ನ ನಾನೇ ಕೀಳ್ತೀನಿ. ಹೊತ್ತು ತಂದಿದ್ದು ನಾನೇ ಅಲ್ವಾ."

ಮೊಮ್ಮಗಳಿಗೆಂದು ಹೆಣೆದು, ಜಗಳದ ಸಿಟ್ಟಿಗೆ ಕೊಡದೆ ಇಟ್ಟುಕೊಂಡಿದ್ದ ಕೆಂಪು ಕೈಗವಸೊಂದು ಬೀರಿನಲ್ಲಿತ್ತು. ಗುನಿಲ್ಲಾ ಅದನ್ನು ಜಾಮಿನ ಸೀಸೆಗೆ ತುರುಕಿ ಮುಚ್ಚಳ ತಿರುಗಿಸಿದಳು. ಫೋನು ಮಾಡಿ ಹೋಗೋಣವೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟಳು. ಫೋನಿನಲ್ಲಿ ಹೇಳಲು ಹೊರಟರೆ ತನ್ನ ನಾಲಗೆ ಎಲ್ಲಿಂದಲೋ ಒಂದು ಸಮರ್ಥನೆ ಹುಡುಕಿಕೊಂಡು ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೀಸೆಯನ್ನು ಪಕ್ಕದಲ್ಲಿಟ್ಟುಕೊಂಡು ಕಾರು ತೆಗೆದು ಹೊರಟೇಬಿಟ್ಟಳು.

ವೇಕ್ಷೋ ತಲುಪುವಷ್ಟರಲ್ಲಿ ದೀಸಾ ಕೆಲಸದಿಂದ ಬಂದಿದ್ದಳು. ಬಾಗಿಲು ತೆರೆದು, ಅಮ್ಮನನ್ನು ಕಂಡು, ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟು ಸಣ್ಣ ಹೆಜ್ಜೆ. ಎಷ್ಟು ವರ್ಷದಿಂದ ಹಾಗೆ ಸರಿಯುತ್ತಿದ್ದಳೋ, ಗುನಿಲ್ಲಾ ಅದನ್ನು ಅಹಂಕಾರವೆಂದೇ ತಿಳಿದಿದ್ದಳು.

"ಅಪ್ಪನಿಗೆ ಏನಾದ್ರೂ ಆಯ್ತಾ?"

"ಅಪ್ಪ ಚೆನ್ನಾಗಿದಾನೆ." ಗುನಿಲ್ಲಾ ಹೊಸ್ತಿಲ ಆಚೆಯೇ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. "ದೀಸಾ, ನಿಮ್ಮ ಮನೇಲಿ ಸೋಪಿದೆಯಾ?"

ದೀಸಾಳ ಮುಖದ ಬಣ್ಣ ಇಳಿಯಿತು. ತಮಾಷೆಯೋ ಚುಚ್ಚುಮಾತೋ ಎಂದು ಅಮ್ಮನ ಕಣ್ಣಲ್ಲಿ ಹುಡುಕಿದಳು. ಗುನಿಲ್ಲಾ ಕೋಟು ಬಿಚ್ಚಿ ಮೆಟ್ಟಿಲ ಕಟಕಟೆಯ ಮೇಲೆ ಹಾಕಿದಳು, ಸ್ವೆಟರನ್ನೂ ಬಿಚ್ಚಿ ಅದರ ಮೇಲೆ ಹಾಕಿದಳು. ಎದುರು ಮನೆಯ ಮುದುಕ ಕಸದ ಚೀಲ ಹಿಡಿದು ಇಳಿಯುತ್ತಿದ್ದವನು ಅಲ್ಲೇ ನಿಂತ. ಅವಳಿಗೆ ಅದರ ಪರಿವೆಯಿರಲಿಲ್ಲ.

"ಮನೆ ಪರೀಕ್ಷೆಯವನು ಬಂದಿದ್ದ. ನೆಲದ ಅಡಿಯಿಂದ ಬರ್ತಿದೆಯಂತೆ. ಬಟ್ಟೆಗೆ, ಕೂದಲಿಗೆ. ನೀನು ಹೇಳ್ತಿದ್ದಿದ್ದು ನಿಜ. ಸ್ನಾನ ಮಾಡಿ ಒಳಗೆ ಬರ್ತೀನಿ. ಬೇಡ ಅಂದ್ರೆ ಹೀಗೇ ಹೋಗ್ತೀನಿ."

ಮಗಳು ಬಾಗಿಲನ್ನು ಪೂರ್ತಿ ತೆರೆದಳು. "ಇದೆ," ಎಂದಳು. "ಟವೆಲು ಬಾಗಿಲ ಹಿಂದಿದೆ." ಕಟಕಟೆಯ ಮೇಲಿದ್ದ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಭ್ಯಾಸವಾದ ಕೈಯಿಂದ ಎರಡು ಗಂಟು ಬಿಗಿದು, ಬಾಲ್ಕನಿಗೆ ಒಯ್ದಿಟ್ಟಳು.

ಗುನಿಲ್ಲಾ ಅಲ್ಲೇ ಉಳಿದಳು. ಮಗಳ ಪೈಜಾಮ, ಮಗಳ ಅಂಗಿ ಹಾಕಿಕೊಂಡು ಅಡುಗೆಮನೆಯಲ್ಲಿ ಕುಳಿತು ಆಲೂಗಡ್ಡೆ ಸುಲಿದಳು, ತುವಾಳ ಜೊತೆ ಚಿತ್ರ ಬರೆದಳು. ತಪ್ಪಾಯಿತು ಎಂದಳು. ಒಂದು ಸಲವಲ್ಲ, ಪಾತ್ರೆ ತೊಳೆಯುವಾಗ, ಹಾಸಿಗೆ ಹಾಸುವಾಗ, ಸಿಕ್ಕಸಿಕ್ಕಲ್ಲಿ ಎಂದಳು. ಕೊನೆಗೆ ದೀಸಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು.

"ವಾಸನೆ ಹೋಗಲಿ ಅಮ್ಮ. ಅದು ಮನೆಯದು. ನಿನಗೆ ಬರ್ತಿರಲಿಲ್ಲ, ಸರಿ. ಆದರೆ ಆ ಪಡಸಾಲೆ. ಅವತ್ತಿನಿಂದ ನೆಲಮಾಳಿಗೆ ಅನ್ನೋದನ್ನ ಬಿಟ್ರು. ನಾನು ಬಸ್ಸು ಹತ್ತಿದ್ರೆ ಎಲ್ಲರೂ ಒಟ್ಟಿಗೆ ಹಾಡೋರು, ನಮ್ಮ ಮನೆಯಲ್ಲಿ ಸೋಪಿದೆ, ನಮ್ಮ ಮನೆಯಲ್ಲಿ ಸೋಪಿದೆ. ಶಾಲೆ ಮುಗಿಯೋವರೆಗೂ. ನಾನು ನಿನಗೆ ಹೇಳಲಿಲ್ಲ. ಹೇಳಿದ್ರೆ ನೀನು ಬಸ್ಸಿಗೂ ಬರ್ತಿದ್ದೆ."

ಬರುತ್ತಿದ್ದಳು, ಅದರಲ್ಲಿ ಸಂಶಯವಿಲ್ಲ. ಗುನಿಲ್ಲಾ ತಪ್ಪಾಯಿತು ಎಂಬ ಮಾತನ್ನು ಅಷ್ಟು ಸಲ ಖರ್ಚು ಮಾಡಿಬಿಟ್ಟಿದ್ದಳು, ಬೇಕಾದ ಹೊತ್ತಿಗೆ ಅದರಲ್ಲಿ ಶಕ್ತಿಯೇ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ತಿಂಡಿಯಾದ ಮೇಲೆ, ಅವಳು ಸೀಸೆಯನ್ನು ಬಾಲ್ಕನಿಗೆ ತೆಗೆದುಕೊಂಡು ಹೋದಳು. ದೀಸಾ ಬಾಗಿಲಿಗೆ ಒರಗಿ ನಿಂತಳು. "ಬೇಕಾಗಿಲ್ಲ ಅಮ್ಮ, ಬಿಡು," ಎಂದಳು.

ಗುನಿಲ್ಲಾ ಮುಚ್ಚಳ ತಿರುಗಿಸಿ ಮೂಗು ಹತ್ತಿರ ತಂದಳು.

ಮೊದಲು ಬಂದದ್ದು ಅವಳ ದೊಡ್ಡಮ್ಮನ ಬೇಸಿಗೆ ಮನೆ. ಚಳಿಗಾಲವೆಲ್ಲ ಮುಚ್ಚಿದ್ದ ಬೀರು, ತೇವದ ಕಂಬಳಿ, ಹಳೆಯ ಪೆಟ್ಟಿಗೆ. ಒಂದು ಕ್ಷಣ ಇಷ್ಟವೂ ಆಯಿತು. ಆಮೇಲೆ ಅದರ ಹಿಂದಿನ ಕಮಟು ಗಂಟಲಿಗೆ ಇಳಿಯಿತು, ಹೋಗಲಿಲ್ಲ. ಪುಟ್ಟ ಕೈಗವಸು ಒಂದರಿಂದ ಇಷ್ಟು. ಇದನ್ನೇ ತಲೆಯಿಂದ ಕಾಲಿನವರೆಗೆ ತೊಡಿಸಿ ಮಗುವನ್ನು ದಿನಾ ಬಸ್ಸಿಗೆ ಹತ್ತಿಸಿದ್ದಳು.

"ಇದಾ?"

"ಇದೇ."

"ಇಷ್ಟು ಜೋರಾ?"

ಅಷ್ಟರಲ್ಲಿ ತುವಾ ಇಬ್ಬರ ನಡುವೆ ನುಸುಳಿ ಬಂದಳು. ದೊಡ್ಡವರು ಏನೋ ಮೂಸುತ್ತಿದ್ದಾರೆಂದರೆ ನಾಲ್ಕು ವರ್ಷದವಳು ಬಿಡುತ್ತಾಳೆಯೇ, ಸೀಸೆಯನ್ನು ಎಳೆದುಕೊಂಡು ಮೂಗಿಟ್ಟಳು. ಮುಖ ಅರಳಿತು.

"ಅಜ್ಜಿ," ಎಂದಳು. "ಇದರೊಳಗೆ ಅಜ್ಜಿ ಇದಾಳೆ."

ಬೇರೆ ಯಾವಾಗಲಾದರೂ ಆಗಿದ್ದರೆ ಗುನಿಲ್ಲಾ ಈ ಮಾತನ್ನು ಹಿಗ್ಗಿ ಹೊತ್ತುಕೊಂಡು ಹೋಗಿ ಊರಿಗೆಲ್ಲ ಹಂಚುತ್ತಿದ್ದಳು. ಈಗ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಸೀಸೆಯನ್ನು ಮೂಲೆಗಿಟ್ಟಳು. ಎತ್ತಿಕೋ ಎಂದು ಮಗು ಎರಡೂ ಕೈ ಮೇಲೆ ಮಾಡಿತು. ಗುನಿಲ್ಲಾ ಬಾಗಿದಳು, ಬಾಗಿದವಳು ತಡೆದಳು, ಮಗಳಿಂದ ಎರವಲು ಪಡೆದ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಂಡಳು.

ದೀಸಾ ಅದನ್ನು ನೋಡಿದಳು. ಬಂದು ಅಮ್ಮನ ಕೈಯನ್ನು ಮುಖದಿಂದ ಕೆಳಗಿಳಿಸಿದಳು. "ಹಾಗೆ ಮಾಡಬೇಡ ಅಮ್ಮ," ಎಂದಳು, "ಅದನ್ನ ಒಂದು ಸಲ ಶುರುಮಾಡಿದ್ರೆ ಬಿಡೋಕಾಗಲ್ಲ."